ತಡೆಪಟ್ಟಿಗೆ ಸಿಕ್ಕ ನಾಲ್ಕು ಪತ್ರಗಳು

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಘಟಕವಿದೆ. ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟು ಬಿಡಿಸುವ ರಬ್ಬರ್ ರೋಲರ್‌ಗಳನ್ನು ಅಲ್ಲಿ ತಯಾರಿಸುತ್ತೇವೆ. ಎರಡು ರೋಲರ್‌ಗಳು ಎದುರುಬದುರಾಗಿ, ಒಂದಕ್ಕಿಂತ ಇನ್ನೊಂದು ತುಸು ವೇಗವಾಗಿ ತಿರುಗುವಾಗ ನಡುವೆ ಸಿಕ್ಕ ಭತ್ತದ ಹೊಟ್ಟು ಉಜ್ಜಿ ಕಳಚಿಕೊಳ್ಳುತ್ತದೆ. ಆ ಉಜ್ಜುವಿಕೆಯಲ್ಲಿ ರಬ್ಬರೂ ಸವೆಯುವುದರಿಂದ ಗಿರಣಿಯವರು ಮತ್ತೆ ಮತ್ತೆ ಹೊಸ ಜೋಡಿ ಕೊಳ್ಳಬೇಕಾಗುತ್ತದೆ. ಅಪ್ಪ ಆರಂಭಿಸಿದ ಈ ಘಟಕದಲ್ಲಿ ಹದಿನಾಲ್ಕು ಮಂದಿ ಕೆಲಸಗಾರರಿದ್ದಾರೆ. ಲೆಕ್ಕಪತ್ರ, ಪತ್ರವ್ಯವಹಾರ ಮತ್ತು ರಫ್ತಿನ ಕಾಗದಗಳು ನನ್ನ ಪಾಲಿನ ಕೆಲಸ.

ದೂರದ ಗಿರಾಕಿಗಳು ನಮ್ಮನ್ನು ತಲುಪುವುದು ಇ-ಮೇಲ್ ಮೂಲಕ. ಆದ್ದರಿಂದ ವಿಳಾಸವನ್ನು ಎಲ್ಲರಿಗೂ ಕಾಣುವಂತೆ ಹಾಕದೆ ಗತಿಯಿಲ್ಲ. ಹಾಕಿದರೆ ವಿಳಾಸಗಳನ್ನು ಹೆಕ್ಕಿ ಮಾರುವವರ ಕೈಗೆ ಅದು ಸಿಗದೆ ಇರುವುದೂ ಇಲ್ಲ. 2023ರ ಜೂನ್ ತಿಂಗಳಿಡೀ ನಾನು ನೋಟ್‌ಬುಕ್ಕಿನಲ್ಲಿ ಗೀಟು ಎಳೆದು ಲೆಕ್ಕ ಇಟ್ಟಿದ್ದೆ. ದಿನಕ್ಕೆ ಸರಾಸರಿ 160 ಪತ್ರಗಳು ಬರುತ್ತಿದ್ದವು, ಅವುಗಳಲ್ಲಿ 130ರಷ್ಟು ಕಸ. ಅವನ್ನು ಆರಿಸಿ ತೆಗೆಯಲು ಬೆಳಗಿನ 50 ನಿಮಿಷ ಹೋಗುತ್ತಿತ್ತು. ಪ್ರತ್ಯೇಕ ಕಂಪ್ಯೂಟರ್ ವಿಭಾಗವಿರುವ ದೊಡ್ಡ ಕಂಪನಿಗೆ ಇದು ಗಣನೆಗೆ ಬಾರದ ವೆಚ್ಚವಿರಬಹುದು. ನಮ್ಮಲ್ಲಿ ಆ 50 ನಿಮಿಷ ಯಾವುದೋ ಕೊಟೇಶನ್ ತಡವಾಗುವುದಕ್ಕೋ ಯಾರದೋ ಸಂಬಳದ ಚೀಟಿ ಮರುದಿನಕ್ಕೆ ಹೋಗುವುದಕ್ಕೋ ಕಾರಣವಾಗುತ್ತಿತ್ತು. ಸಮಯ ಹೋಗುವುದಕ್ಕಿಂತ ಹೆಚ್ಚಿನ ಹಾನಿ ಆಗುತ್ತಿದ್ದುದು ಕಣ್ಣಿಗೆ. ನೂರು ಪತ್ರಗಳನ್ನು ಓದದೆ ಅಳಿಸಿದ ಕಣ್ಣು ನೂರೊಂದನೆಯದನ್ನು ಓದುವ ತಾಳ್ಮೆಯನ್ನು ಕಳೆದುಕೊಂಡಿರುತ್ತದೆ.

ಆ ವರ್ಷದ ಜುಲೈನಲ್ಲಿ ನಾನು ಮೋಸಹೋದೆ. ನಮಗೆ ಕೇರಳದಿಂದ ಕಚ್ಚಾ ರಬ್ಬರ್ ಒದಗಿಸುವ ವ್ಯಾಪಾರಿಯ ಹೆಸರಿನಲ್ಲಿ, ಬ್ಯಾಂಕ್ ಖಾತೆ ಬದಲಾಗಿದೆಯೆಂದೂ ಬಾಕಿಯನ್ನು ಹೊಸ ಖಾತೆಗೆ ಹಾಕಬೇಕೆಂದೂ ಪತ್ರ ಬಂದಿತ್ತು. ಬಿಲ್ ಸಂಖ್ಯೆ ಸರಿಯಿತ್ತು, ಮೊತ್ತ ಸರಿಯಿತ್ತು, ಪತ್ರದ ಕೊನೆಯಲ್ಲಿ ಅವರು ಯಾವಾಗಲೂ ಬರೆಯುವ ವಂದನೆಯೂ ಇತ್ತು. ವಿಳಾಸದಲ್ಲಿ ಮಾತ್ರ ಇಂಗ್ಲಿಷಿನ ಎಂ (m) ಅಕ್ಷರದ ಜಾಗದಲ್ಲಿ, ನೋಡಲು ಅದರಂತೆಯೇ ಕಾಣುವ ಹಾಗೆ, ಆರ್ ಮತ್ತು ಎನ್ (rn) ಒತ್ತಾಗಿ ಕೂತಿದ್ದವು. 1,86,000 ರೂಪಾಯಿ ಕಳುಹಿಸಿದೆ. ಆರು ದಿನಗಳ ಬಳಿಕ ನಿಜವಾದ ವ್ಯಾಪಾರಿ ಬಾಕಿ ಕೇಳಿದಾಗ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟೆವು, ಅಷ್ಟರಲ್ಲಿ ಹಣ ಆ ಖಾತೆಯಿಂದ ಬೇರೆಡೆಗೆ ಹೋಗಿತ್ತು. ಖಾತೆ ಇದ್ದದ್ದು ನಮ್ಮ ದೇಶದ ಬ್ಯಾಂಕೊಂದರ ಶಾಖೆಯಲ್ಲಿ.

ಇಲ್ಲಿಂದ ಮುಂದಿನದನ್ನು ಬರೆಯುವುದಕ್ಕಾಗಿಯೇ ಈ ಲೇಖನಕ್ಕೆ ಕೈಹಾಕಿದ್ದೇನೆ. ಆ ರಾತ್ರಿ ಆಫೀಸಿನಲ್ಲಿ ಕೂತು ಇ-ಮೇಲ್‌ನ ತಡೆನಿಯಮಗಳನ್ನು ತೆರೆದೆ. ನೈಜೀರಿಯಾದ ವಿಳಾಸಗಳಿಂದ ಬಂದ ಎಲ್ಲ ಪತ್ರಗಳೂ, ನೈಜೀರಿಯಾ, ಲಾಗೋಸ್, ಘಾನಾ ಎಂಬ ಪದಗಳಿರುವ ಎಲ್ಲ ಪತ್ರಗಳೂ ನೇರವಾಗಿ ಅಳಿಸಿದ ಪತ್ರಗಳ ಪೆಟ್ಟಿಗೆಗೆ ಹೋಗಲಿ ಎಂದು ನಿಯಮ ಬರೆದೆ. ನಮ್ಮ ಹಣ ಕದ್ದವನಿಗೂ ಆ ದೇಶಗಳಿಗೂ ಸಂಬಂಧವಿದೆ ಎನ್ನಲು ನನ್ನ ಬಳಿ ಒಂದು ಎಳೆಯ ಸಾಕ್ಷ್ಯವೂ ಇರಲಿಲ್ಲ. ಆದರೂ ಸಿಟ್ಟು ಹೋಗಿ ನಿಂತದ್ದು ಅಲ್ಲಿ, ಏಕೆಂದರೆ ಇ-ಮೇಲ್ ಮೋಸ ಎಂದೊಡನೆ ಆ ಹೆಸರು ಮನಸ್ಸಿಗೆ ಬರುವಂತೆ ವರ್ಷಗಳಿಂದ ಅಭ್ಯಾಸವಾಗಿತ್ತು. ಕೇರಳದಿಂದ ಬರುವ ಪತ್ರಗಳನ್ನು ತಡೆಯಬೇಕೆಂದು ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ.

ನವೆಂಬರಿನ ಒಂದು ಮಧ್ಯಾಹ್ನ ಗೇಟಿನಿಂದ ಕಾವಲುಗಾರ ಫೋನ್ ಮಾಡಿದ. “ಮೇಡಂ, ಯಾರೋ ಆಫ್ರಿಕಾದವನು ಬಂದು ಅರ್ಧ ಗಂಟೆಯಾಯ್ತು, ಹೋಗು ಅಂದ್ರೂ ಹೋಗ್ತಿಲ್ಲ, ಏನ್ ಮಾಡ್ಲಿ?” ಎಂದ. ಹೊರಗೆ ಹೋಗಿ ನೋಡಿದರೆ ಇಪ್ಪತ್ತೆರಡು ವರ್ಷದ ಹುಡುಗ, ಬಗಲಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಸವೆದ ಹತ್ತಿಂಚಿನ ರೋಲರ್. ಅವನು ಹೆಸರಘಟ್ಟ ರಸ್ತೆಯ ಕಡೆಯ ಕಾಲೇಜೊಂದರಲ್ಲಿ ಓದುತ್ತಿದ್ದ. ಅವನ ಸೋದರಮಾವ ನೈಜೀರಿಯಾದ ಕಾನೋದಲ್ಲಿ ಅಕ್ಕಿ ಗಿರಣಿ ನಡೆಸುತ್ತಾರೆ. ನಮಗೆ ನಾಲ್ಕು ಪತ್ರ ಬರೆದು, ಉತ್ತರ ಕಾಣದೆ, ರಜೆಗೆ ಊರಿಗೆ ಬಂದಿದ್ದ ಹುಡುಗನ ಕೈಯಲ್ಲಿ ಮಾದರಿಯನ್ನೇ ಕಳುಹಿಸಿದ್ದರು. ಅಷ್ಟು ಭಾರದ ರೋಲರನ್ನು ಹೊತ್ತುಕೊಂಡು ಎರಡು ಬಸ್ ಬದಲಾಯಿಸಿ ಬಂದವನನ್ನು ನಾವು ಬಿಸಿಲಲ್ಲಿ ನಿಲ್ಲಿಸಿದ್ದೆವು. ಅಳಿಸಿದ ಪತ್ರಗಳು ನಮ್ಮಲ್ಲಿ 30 ದಿನ ಉಳಿಯುತ್ತವೆ. ಹುಡುಕಿದಾಗ ನಾಲ್ಕರಲ್ಲಿ ಎರಡು ಸಿಕ್ಕವು. ಯಂತ್ರದ ತಯಾರಕರ ಹೆಸರು, ರೋಲರಿನ ವ್ಯಾಸ, ಅಗಲ, ಬೇಕಾದ ಜೋಡಿಗಳ ಸಂಖ್ಯೆ, ಮುಂಗಡ ಎಷ್ಟು ಕೊಡಬೇಕೆಂಬ ಪ್ರಶ್ನೆ, ಎಲ್ಲವೂ ಇದ್ದವು. ನಮ್ಮ ರಾಜ್ಯದ ಗಿರಾಕಿಗಳೇ ಅಷ್ಟು ಅಚ್ಚುಕಟ್ಟಾಗಿ ಬರೆಯುವುದು ಅಪರೂಪ.

ಕಾವಲುಗಾರನನ್ನು ಗದರಿಸಲು ನನಗೆ ಬಾಯಿ ಬರಲಿಲ್ಲ. ಅವನು ಗೇಟಿನಲ್ಲಿ ಮಾಡಿದ್ದನ್ನು ನಾನು ನಾಲ್ಕು ತಿಂಗಳಿಂದ ಕಂಪ್ಯೂಟರಿನಲ್ಲಿ ಮಾಡಿದ್ದೆ. ನಮ್ಮ ಘಟಕದಿಂದ ಕೆಲವೇ ಕಿಲೋಮೀಟರ್ ದೂರದ ಸೋಲದೇವನಹಳ್ಳಿಯ ಬಳಿ 2016ರ ಜನವರಿ 31ರ ರಾತ್ರಿ ನಡೆದದ್ದು ಆಗ ನೆನಪಾಯಿತು. ಸುಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಸ್ಥಳೀಯ ಮಹಿಳೆಯೊಬ್ಬರು ತೀರಿಕೊಂಡಿದ್ದರು. ಆ ಅಪಘಾತದೊಂದಿಗೆ ಏನೂ ಸಂಬಂಧವಿಲ್ಲದ, ಆ ದಾರಿಯಲ್ಲಿ ಆಮೇಲೆ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿ, ಕಾರಿಗೆ ಬೆಂಕಿ ಹಚ್ಚಿತು. ಅಂದು ಪತ್ರಿಕೆ ಓದಿ ನಾನು ನಾಚಿಕೊಂಡಿದ್ದೆ, ಊಟದ ಹೊತ್ತಿನಲ್ಲಿ ಕೆಲಸಗಾರರೊಂದಿಗೆ ಅದರ ಬಗ್ಗೆ ಮಾತನಾಡಿದ್ದೆ. ನನ್ನ ನಿಯಮ ಯಾರ ಮೈಗೂ ಗಾಯ ಮಾಡಲಿಲ್ಲ, ಆದರೆ ಒಬ್ಬನ ತಪ್ಪಿಗೆ ಎದುರಿಗೆ ಸಿಕ್ಕ ಇನ್ನೊಬ್ಬನನ್ನು ಹೊಣೆಮಾಡುವ ಲೆಕ್ಕಾಚಾರ ಎರಡರಲ್ಲೂ ಒಂದೇ.

ಬೇಡದ ಸಂದೇಶಗಳ ಹೊರೆ ಸಣ್ಣ ಗುಂಪಿನ ಜನರ ಮೇಲೆ ಬೀಳುವುದನ್ನು ನಾವು ಅದಕ್ಕೂ ಮೊದಲು ಕಂಡಿದ್ದೆವು. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗುತ್ತದೆ ಎಂಬ ಸುಳ್ಳು ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಡಿ, ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಎಂಎಸ್ ಕಳುಹಿಸದಂತೆ ಕೇಂದ್ರ ಸರ್ಕಾರ ಆಗ ಮಿತಿ ಹಾಕಿತು, ಬಳಿಕ ಅದನ್ನು ಇಪ್ಪತ್ತಕ್ಕೆ ಏರಿಸಿತು. ನಮ್ಮ ಘಟಕದಲ್ಲಿದ್ದ ಇಬ್ಬರು ಅಸ್ಸಾಮಿ ಹುಡುಗರೂ ಹೊರಟರು. ಒಬ್ಬ ಹಿಂದಿರುಗಿದ, ಇನ್ನೊಬ್ಬನ ಜಾಗಕ್ಕೆ ಅಂಥ ಕೈಚಳಕದವನು ನಮಗೆ ಮತ್ತೆ ಸಿಗಲಿಲ್ಲ.

ಕಾನೋದ ಹುಡುಗ ಬಂದುಹೋದ ಆ ವಾರ ನಾನು ಹಟ ಹಿಡಿದು ಓದಿದೆ. ದೊಡ್ಡ ಮೊತ್ತದ ಆಸೆ ತೋರಿಸಿ ಮುಂಗಡ ಹಣ ಕೀಳುವ ಇ-ಮೇಲ್ ಮೋಸಕ್ಕೆ ಅಂಟಿದ 419 ಎಂಬ ಸಂಖ್ಯೆ ನೈಜೀರಿಯಾದ ಅಪರಾಧ ಸಂಹಿತೆಯ ಒಂದು ಕಲಂ. ವಂಚನೆಯನ್ನು ಶಿಕ್ಷಿಸಲೆಂದು ಅಲ್ಲಿಯ ಕಾನೂನಿನಲ್ಲಿರುವ ಸಂಖ್ಯೆ ಹೊರಗಿನವರ ಬಾಯಲ್ಲಿ ಆ ಜನರ ಗುರುತಾಗಿಬಿಟ್ಟಿದೆ. ಆರ್ಥಿಕ ಅಪರಾಧಗಳ ತನಿಖೆಗೆಂದೇ ಅವರು 2003ರಲ್ಲಿ ಪ್ರತ್ಯೇಕ ಆಯೋಗವನ್ನು ರಚಿಸಿಕೊಂಡಿದ್ದಾರೆ. ಇಂಥ ಪತ್ರಗಳಲ್ಲಿ ನೈಜೀರಿಯಾದ ಹೆಸರು ಮತ್ತೆ ಮತ್ತೆ ಬರುವುದೇಕೆ ಎಂಬುದನ್ನು ಮೈಕ್ರೋಸಾಫ್ಟ್‌ನ ಸಂಶೋಧಕ ಕಾರ್ಮಾಕ್ ಹರ್ಲಿ 2012ರಲ್ಲಿ ವಿವರಿಸಿದ್ದಾರೆ: ಎಚ್ಚರವುಳ್ಳವರು ಆ ಹೆಸರು ಕಂಡೊಡನೆ ದೂರ ಸರಿಯುತ್ತಾರೆ, ಉತ್ತರಿಸುವವರು ಸುಲಭವಾಗಿ ನಂಬುವವರಷ್ಟೇ, ಹಾಗಾಗಿ ವಂಚಕನ ಶ್ರಮ ಉಳಿಯುತ್ತದೆ. ಪತ್ರದಲ್ಲಿ ಆ ದೇಶದ ಹೆಸರಿದ್ದರೆ ಬರೆದವನು ಅಲ್ಲಿಯವನೇ ಆಗಿರಬೇಕಿಲ್ಲ ಎಂದಾಯಿತು. ಹಾಗೆ ನೋಡಿದರೆ, ಕೇಳದಿದ್ದರೂ ಒಮ್ಮೆಗೇ ಅನೇಕರಿಗೆ ಹೋಗುವ ಇ-ಮೇಲ್ ಪತ್ರಗಳಲ್ಲಿ ಮೊದಲನೆಯದೆಂದು ದಾಖಲಾಗಿರುವುದು 1978ರ ಮೇ ತಿಂಗಳಲ್ಲಿ ಅಮೆರಿಕದ ಕಂಪ್ಯೂಟರ್ ಕಂಪನಿಯೊಂದರ ಮಾರಾಟಗಾರ ಸುಮಾರು 400 ಮಂದಿಗೆ ಕಳುಹಿಸಿದ ಜಾಹೀರಾತು. ಅದಕ್ಕಾಗಿ ಯಾರೂ ಅಮೆರಿಕನ್ನರನ್ನೆಲ್ಲ ತಡೆಪಟ್ಟಿಗೆ ಸೇರಿಸಲಿಲ್ಲ.

ಮನಸ್ಸಿಗೆ ಹೆಚ್ಚು ನಾಟಿದ್ದು ಬೇರೊಂದು ಸಂಗತಿ. ಕಾನೋಕ್ಕೆ ನಾನು ಬರೆದ ಕ್ಷಮೆಯ ಪತ್ರ ಮತ್ತು ಕೊಟೇಶನ್ ಎರಡೂ ತಲುಪಲಿಲ್ಲ. ಕಾರಣ ಹುಡುಕುತ್ತ ಹೋದಾಗ, ನಮ್ಮ ಇ-ಮೇಲ್ ಇದ್ದ ಬಾಡಿಗೆಯ ಸರ್ವರಿನ ವಿಳಾಸವೇ ಅಂತರರಾಷ್ಟ್ರೀಯ ಕಪ್ಪುಪಟ್ಟಿಯೊಂದರಲ್ಲಿ ಇರುವುದು ತಿಳಿಯಿತು. ಅದೇ ಸರ್ವರಿನಲ್ಲಿ ನಮ್ಮಂತೆ ನೂರಾರು ಗಿರಾಕಿಗಳಿದ್ದರು, ಅವರಲ್ಲಿ ಯಾರೋ ಲಕ್ಷಗಟ್ಟಲೆ ಕಸದ ಪತ್ರ ಕಳುಹಿಸಿದ್ದರು, ಅವರೊಂದಿಗೆ ವಿಳಾಸ ಹಂಚಿಕೊಂಡದ್ದರಿಂದ ನಾವೂ ಸಂದೇಹಕ್ಕೆ ಒಳಗಾಗಿದ್ದೆವು. ಕೆಲವು ತಿಂಗಳಿಂದ ಕೀನ್ಯಾ ಮತ್ತು ಶ್ರೀಲಂಕಾದ ಹಳೆಯ ಗಿರಾಕಿಗಳು ಏಕೆ ಮೌನವಾಗಿದ್ದರೆಂಬುದು ಆಗ ಅರ್ಥವಾಯಿತು. ಏನೂ ತಪ್ಪು ಮಾಡದೆ, ಕೇಳುವವರೂ ಇಲ್ಲದೆ, ನೆರೆಯವರ ಹೆಸರಿನಲ್ಲಿ ತೀರ್ಪು ಹೊತ್ತುಕೊಳ್ಳುವುದು ಹೇಗಿರುತ್ತದೆಂದು ಎರಡು ವಾರ ಅನುಭವಿಸಿದೆ. ನಮಗಾದರೋ ಸರ್ವರ್ ಬದಲಿಸಿಕೊಳ್ಳುವ ದಾರಿಯಿತ್ತು.

ಡಿಸೆಂಬರಿನಲ್ಲಿ ಹಳೆಯ ನಿಯಮಗಳನ್ನೆಲ್ಲ ಅಳಿಸಿ, ಇ-ಮೇಲ್ ವ್ಯವಸ್ಥೆಯನ್ನು ಬುಡದಿಂದ ಮತ್ತೆ ಕಟ್ಟಿದೆ. ನಮ್ಮ ಡೊಮೈನಿನ (ಇ-ಮೇಲ್ ವಿಳಾಸದಲ್ಲಿ @ ಚಿಹ್ನೆಯ ನಂತರ ಬರುವ ಹೆಸರಿನ) ದಾಖಲೆಗಳಲ್ಲಿ ಎಸ್‌ಪಿಎಫ್, ಡಿಕೆಐಎಂ ಮತ್ತು ಡಿಮಾರ್ಕ್ ಎಂಬ ಮೂರನ್ನೂ ಸೇರಿಸಿದೆ. ಮೊದಲನೆಯದು ನಮ್ಮ ಹೆಸರಿನಲ್ಲಿ ಪತ್ರ ಕಳುಹಿಸಲು ಯಾವ ಸರ್ವರುಗಳಿಗೆ ಅಧಿಕಾರವಿದೆ ಎಂದು ಸಾರುತ್ತದೆ, ಎರಡನೆಯದು ಪ್ರತಿ ಪತ್ರಕ್ಕೂ ದಾರಿಯಲ್ಲಿ ತಿದ್ದಿದರೆ ಗೊತ್ತಾಗುವಂಥ ಮೊಹರು ಒತ್ತುತ್ತದೆ, ಮೂರನೆಯದು ಆ ಪರೀಕ್ಷೆಗಳಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ಪಡೆಯುವವರಿಗೆ ತಿಳಿಸುತ್ತದೆ. 2024ರ ಫೆಬ್ರವರಿಯಿಂದ ಜಿಮೇಲ್ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರಿಗೆ ಈ ಮೂರನ್ನೂ ಕಡ್ಡಾಯ ಮಾಡಿದೆ. ನಮ್ಮಂಥ ಸಣ್ಣವರೂ ಮೊದಲ ಎರಡರಲ್ಲಿ ಒಂದನ್ನಾದರೂ ಹೊಂದಿರಬೇಕು. ಖರ್ಚು ಏನೂ ಆಗಲಿಲ್ಲ, ಎರಡು ಸಂಜೆಗಳು ಬೇಕಾದವು.

ಒಳಬರುವ ಪತ್ರಗಳಿಗೆ ದೇಶದ ಹೆಸರಾಗಲಿ ಕಳುಹಿಸಿದವರ ಹೆಸರಾಗಲಿ ಇರುವ ಒಂದು ನಿಯಮವನ್ನೂ ನಾನು ಇಡಲಿಲ್ಲ. ಪತ್ರ ಬಂದ ವಿಳಾಸ ಒಂದು, ಉತ್ತರ ಹೋಗುವ ವಿಳಾಸ ಇನ್ನೊಂದು ಆಗಿದ್ದರೆ ಅದು ಪ್ರತ್ಯೇಕ ಪೆಟ್ಟಿಗೆಗೆ ಹೋಗುತ್ತದೆ. ಜಿಪ್ ಅಥವಾ ಎಚ್‌ಟಿಎಂಎಲ್ ಕಡತ ಲಗತ್ತಿಸಿದ್ದರೂ ಅಷ್ಟೆ, ನಮ್ಮ ಪರಿಚಿತ ವ್ಯಾಪಾರಿಗಳ ವಿಳಾಸಕ್ಕಿಂತ ಒಂದೆರಡು ಅಕ್ಷರ ಮಾತ್ರ ಭಿನ್ನವಾದ ವಿಳಾಸವಿದ್ದರೂ ಅಷ್ಟೆ. ಯಾವುದೂ ತಾನಾಗಿ ಅಳಿಸಿಹೋಗುವುದಿಲ್ಲ. ಬ್ಯಾಂಕ್ ಖಾತೆ ಬದಲಾಗಿದೆ ಎಂಬ ಪತ್ರ ಯಾರಿಂದ ಬಂದರೂ ನಮ್ಮ ಹಳೆಯ ರಿಜಿಸ್ಟರಿನಲ್ಲಿರುವ ಸಂಖ್ಯೆಗೆ ಫೋನ್ ಮಾಡಿ, ಪರಿಚಿತ ಧ್ವನಿ ಕೇಳಿದ ಮೇಲೆಯೇ ಹಣ ಹೋಗುತ್ತದೆ.

ಪ್ರತ್ಯೇಕ ಪೆಟ್ಟಿಗೆಯನ್ನು ದಿನವೂ ನಾನು ಮತ್ತು ಸ್ಟೋರ್ಸ್ ನೋಡಿಕೊಳ್ಳುವ ಸಹೋದ್ಯೋಗಿ ಜೊತೆಯಲ್ಲಿ ಕೂತು ನೋಡುತ್ತೇವೆ. ಒಬ್ಬರೇ ನೋಡುವಾಗ ಏನಾಗುತ್ತದೆಂದು ಹಳೆಯ ಪತ್ರಗಳನ್ನು ತಿರುವಿದಾಗ ತಿಳಿದಿತ್ತು. ಅಳಿಸಿದ ಪೆಟ್ಟಿಗೆಯಲ್ಲಿ, ನನ್ನ ನಿಯಮಕ್ಕೆ ಸಿಗದೆ ನನ್ನ ಕೈಯಿಂದಲೇ ಹೋಗಿದ್ದ ಮೂರು ಒಳ್ಳೆಯ ಪತ್ರಗಳಿದ್ದವು: ದುಬೈಯಲ್ಲಿ ಗಿರಣಿ ಸಾಮಾನಿನ ವ್ಯಾಪಾರ ಮಾಡುವ ಭಟ್ಕಳದ ಮುಸ್ಲಿಂ ವರ್ತಕರದು ಒಂದು, ತರಬೇತಿ ಕೇಳಿ ಮಣಿಪುರದ ವಿದ್ಯಾರ್ಥಿನಿ ಬರೆದದ್ದು ಇನ್ನೊಂದು, ಬಾಂಗ್ಲಾದೇಶದ ಗಿರಣಿಯೊಂದರದು ಮತ್ತೊಂದು. ಮೂರನ್ನೂ ತೆರೆದೇ ಇರಲಿಲ್ಲ. ಹೆಸರು ನೋಡಿದ್ದೆ, ಅಷ್ಟೆ. ಈಗ ಮೊದಲು ಪತ್ರದ ವಿಷಯವನ್ನು ಸಹೋದ್ಯೋಗಿ ಓದಿ ಹೇಳುತ್ತಾರೆ. ಅಳತೆ, ಸಂಖ್ಯೆ, ಯಂತ್ರದ ಹೆಸರು ಇದ್ದರೆ ಉತ್ತರ ಹೋಗುತ್ತದೆ, ಹೆಸರು ಮತ್ತು ಊರು ಆಮೇಲೆ.

ಕಾನೋದ ಗಿರಣಿಗೆ 2024ರ ಮಾರ್ಚ್‌ನಲ್ಲಿ 60 ಜೋಡಿ ರೋಲರ್‌ಗಳು ಚೆನ್ನೈ ಬಂದರಿನ ಮೂಲಕ ಹೋದವು, ಅರ್ಧ ಹಣ ಮುಂಗಡವಾಗಿ ಬಂದಿತ್ತು. ಲಾರಿ ತುಂಬುವ ದಿನ ಆ ಹುಡುಗನೂ ಬಂದು ಜೋಡಿಗಳನ್ನು ಎಣಿಸಿದ. ಅಂದು ಕಾವಲುಗಾರ ಅವನ ಹೆಸರನ್ನು ರಿಜಿಸ್ಟರಿನಲ್ಲಿ ಬರೆಸಿಕೊಂಡು, ಬೇರೆ ಗಿರಾಕಿಗಳನ್ನು ಕೂರಿಸುವ ಬೆಂಚಿನ ಮೇಲೆ ಕೂರಿಸಿದ್ದ. ಕಸದ ಪತ್ರಗಳು ನಿಂತಿಲ್ಲ, ದಿನಕ್ಕೆ ನೂರರ ಮೇಲೆಯೇ ಬರುತ್ತವೆ. ಆರಿಸುವ ಕೆಲಸ ಈಗ ಹದಿನೈದು ನಿಮಿಷದ್ದು. ಇವತ್ತು ಬೆಳಿಗ್ಗೆ ಲಾಗೋಸಿನ ಹೆಸರಿನಲ್ಲಿ ಬಂದ ಪತ್ರವೊಂದು ಉತ್ತರದ ವಿಳಾಸವು ಬಂದ ವಿಳಾಸಕ್ಕೆ ಹೊಂದದ ಕಾರಣ ಪ್ರತ್ಯೇಕ ಪೆಟ್ಟಿಗೆಗೆ ಬಿದ್ದಿತ್ತು, ಇಬ್ಬರೂ ಓದಿ ಮೋಸವೆಂದು ಖಚಿತಪಡಿಸಿಕೊಂಡು ಅಳಿಸಿದೆವು. ಅದರ ಕೆಳಗೇ ಘಾನಾದಿಂದ ಬಂದ ವಿಚಾರಣೆಯಿತ್ತು. ಆರಿಂಚಿನ ರೋಲರಿನ ದರ ಕೇಳಿದ್ದಾರೆ, ಮಧ್ಯಾಹ್ನದೊಳಗೆ ಕೊಟೇಶನ್ ಕಳುಹಿಸಬೇಕು.