ಬೆತ್ತದ ಕುರ್ಚಿಯನ್ನು ಪ್ರದರ್ಶನಕ್ಕೆ ಇಡುವುದು ಹೇಗೆ?

ಕೋಲಾರದ ಸಭಾಂಗಣದಲ್ಲಿ ಆಧುನಿಕ ಕುರ್ಚಿಗಳ ಪ್ರದರ್ಶನ ಮಾಡುವುದಾದರೆ ಮೊದಲು ಕಿಟಕಿ ನೋಡಿ. ನೇರ ಬಿಸಿಲಿಗೆ ಪಾಲಿಶ್ ಮಾಸುತ್ತದೆ. ಬೇಸಿಗೆಯ ಒಣಗಾಳಿಗೆ ಬೆತ್ತ ಬಿರುಸಾಗಿ ಸೀಳುತ್ತದೆ. ದಪ್ಪ ಪರದೆ ಹಾಕಿ. ತೇವಾಂಶ ಶೇ. 45–55ರ ಆಸುಪಾಸಿನಲ್ಲಿ ಏರುಪೇರಿಲ್ಲದೆ ಇರಲಿ. ಅಳೆಯುವ ಮೀಟರನ್ನು ಕುರ್ಚಿಯ ಪಕ್ಕದಲ್ಲೇ ಇಡಿ, ಬಾಗಿಲ ಬಳಿ ಬೇಡ.

ಎತ್ತುವಾಗ ಕೈ ಸೀಟಿನ ಚೌಕಟ್ಟಿನ ಕೆಳಗಿರಲಿ. ಬೆನ್ನಿನ ಭಾಗ ಹಿಡಿದು ಎತ್ತಿದರೆ ಜೋಡಣೆ ಸಡಿಲವಾಗುತ್ತದೆ. ಪಾಲಿಶ್ ಮರದ ಮೇಲೆ ಹತ್ತಿಯ ಕೈಗವಸು ಜಾರುತ್ತದೆ, ನೈಟ್ರೈಲ್‌ (ಕೃತಕ ರಬ್ಬರ್) ಕೈಗವಸೇ ಒಳ್ಳೆಯದು. ಕುರ್ಚಿ ಇಡುವ ಕಟ್ಟೆಗೆ ಹೊಸ ಬಣ್ಣ ಬಳಿದಿದ್ದರೆ ಕಾಲುಗಳು ಅಂಟದಂತೆ ಕೆಳಗೆ ಪಾಲಿಯೆಸ್ಟರ್ ಹಾಳೆಯ ತುಂಡು ಇಡಿ.

ಫಲಕದಲ್ಲಿ ಇಸವಿ ಮಾತ್ರ ಸಾಲದು, ರಚನೆಯನ್ನೂ ಬರೆಯಿರಿ. ಉದಾಹರಣೆಗೆ, ಥೋನೆಟ್ ಪೀಠೋಪಕರಣ ಕಂಪನಿಯ 1859ರ 14ನೇ ನಂಬರ್ ಕುರ್ಚಿ ಎಂದರೆ 6 ಮರದ ಭಾಗ, 10 ಸ್ಕ್ರೂ, 2 ನಟ್, ಅಷ್ಟೇ! ಸೀಟಿನ ಕೆಳಗೊಂದು ಕನ್ನಡಿ ಇಟ್ಟರೆ ಆ ಜೋಡಣೆ ಬಗ್ಗದೆಯೇ ಕಾಣುತ್ತದೆ.