ಕೆಲಸ ಬಿಡದೇ ಎನ್‌ಜಿಓ ಮ್ಯಾನೇಜ್‌ಮೆಂಟ್ ಓದಿದ್ದು: ನನ್ನ ಅನುಭವ

ಕೊಡಗಿನ ಸಿದ್ದಾಪುರದ ಕಡೆ ಕಾಫಿ ತೋಟದ ಲೈನ್ ಮನೆ (ಕೂಲಿಯೋರ ಸಾಲು ಮನೆ) ಮಕ್ಕಳಿಗೆ ಸಂಜೆ ಪಾಠದ ಸೆಂಟರ್ ನಡೆಸೋ ಚಿಕ್ಕ ಟ್ರಸ್ಟಲ್ಲಿ ನಾನಿರೋದು. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಆಗಿತ್ತಲ್ಲ, ಮತ್ತೇನು ಓದೋದು ಅಂತ ಮನೇಲಿ ಕೇಳಿದ್ರು. ಜನರ ಜೊತೆ ಕೆಲಸ ಮಾಡೋದನ್ನ ಎಂಎಸ್‌ಡಬ್ಲ್ಯೂ ಕಲಿಸ್ತು, ಆದ್ರೆ ಸಂಸ್ಥೆ ನಡೆಸೋದು ಬೇರೇನೇ ವಿದ್ಯೆ. ಪೂರ್ತಿ ಟೈಮ್ ಕೊಡೋಕಾಗೋರಿಗೆ ಗುಜರಾತಿನ ಆನಂದ್‌ನಲ್ಲಿ ಗ್ರಾಮೀಣ ಮ್ಯಾನೇಜ್‌ಮೆಂಟ್ ಕಲಿಸೋ ಇರ್ಮಾ ಇದೆ, ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿವಿ ಇದೆ. ನಂಗೆ ಸೆಂಟರ್ ಬಿಟ್ಟು ಹೋಗೋ ಹಾಗಿರ್ಲಿಲ್ಲ, ಅದಕ್ಕೆ ವೀಕೆಂಡ್ ಕ್ಲಾಸ್ ಇರೋ ಕೋರ್ಸ್ ಸೇರ್ದೆ. ಮಳೆಗಾಲದಲ್ಲಿ ಇಲ್ಲಿ ಕರೆಂಟೂ ಇಲ್ಲ ನೆಟ್‌ವರ್ಕೂ ಇಲ್ಲ, ಓದೋದನ್ನೆಲ್ಲ ಮೊದಲೇ ಇಳಿಸಿಟ್ಕೊತಿದ್ದೆ.

ಲೀಡರ್‌ಶಿಪ್ ಪೇಪರ್ ಪರ್ವಾಗಿಲ್ಲ. ನಿಜವಾಗ್ಲೂ ಉಪಯೋಗಕ್ಕೆ ಬಂದಿದ್ದು ಹಣಕಾಸು ಮತ್ತೆ ಕಾನೂನು.

2013ರ ಕಂಪನಿ ಕಾಯ್ದೆ ಸೆಕ್ಷನ್ 135 ಪ್ರಕಾರ 5 ಕೋಟಿ ನಿವ್ವಳ ಲಾಭ, ಇಲ್ಲಾಂದ್ರೆ 1000 ಕೋಟಿ ವಹಿವಾಟು, ಇಲ್ಲಾಂದ್ರೆ 500 ಕೋಟಿ ನೆಟ್‌ವರ್ತ್ (ಸಾಲ ಕಳೆದು ಉಳಿಯೋ ಆಸ್ತಿ) ಇರೋ ಕಂಪನಿ ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ 2% ಸಿಎಸ್‌ಆರ್‌ಗೆ, ಅಂದ್ರೆ ಸಮಾಜದ ಕೆಲಸಕ್ಕೆ, ಖರ್ಚು ಮಾಡ್ಬೇಕು, ಇಷ್ಟು ಎನ್‌ಜಿಓದೋರಿಗೆಲ್ಲ ಗೊತ್ತು. ನಮಗೆ ದುಡ್ಡು ಕೊಡೋಕೆ ಬಂದ ಒಂದು ಕಂಪನಿಯೋರು, "ಮೇಡಂ, ಮಾರ್ಚ್ 31ರೊಳಗೆ ಪೂರ್ತಿ ಖರ್ಚು ತೋರ್ಸಿ ಯುಟಿಲೈಸೇಶನ್ ಸರ್ಟಿಫಿಕೇಟ್ ಕೊಡಿ, ಅಡ್ಮಿನ್ ಖರ್ಚು 5% ದಾಟಬಾರ್ದು" ಅಂದ್ರು. ಆ ಸರ್ಟಿಫಿಕೇಟ್ ಅಂದ್ರೆ ಕೊಟ್ಟ ದುಡ್ಡು ಹೇಳಿದ ಕೆಲಸಕ್ಕೇ ಖರ್ಚಾಯ್ತು ಅನ್ನೋ ಪತ್ರ. ಜನವರಿಯಿಂದ ಮಾರ್ಚ್ ಅಂದ್ರೆ ನಮ್ಮಲ್ಲಿ ರೋಬಸ್ಟಾ ಕಾಫಿ ಕುಯ್ಯೋ ಟೈಮು, ಅಪ್ಪ ಅಮ್ಮ ಇಬ್ರೂ ತೋಟದಲ್ಲಿ, ದೊಡ್ಡ ಮಕ್ಕಳೂ ಹಿಂದೇನೇ ಹೋಗಿರ್ತಾರೆ, ಆ ಹೊತ್ತಲ್ಲಿ ಹೊಸ ಸೆಂಟರ್ ತೆಗೆದ್ರೆ ಬರೋರ್ಯಾರು?

ನಾನು ಕ್ಲಾಸ್ ನೋಟ್ಸ್ ಮುಂದಿಟ್ಕೊಂಡು ಮೇಲ್ ಬರ್ದೆ. ಇದನ್ನ 'ಆನ್‌ಗೋಯಿಂಗ್ ಪ್ರಾಜೆಕ್ಟ್' (ಒಂದೇ ವರ್ಷಕ್ಕೆ ಮುಗಿಯದ ಕೆಲಸ) ಅಂತ ನಿಮ್ಮ ಬೋರ್ಡಲ್ಲಿ ಒಪ್ಪಿಸ್ಕೊಂಡ್ರೆ, ಉಳಿದ ದುಡ್ಡನ್ನ ವರ್ಷ ಮುಗಿದ 30 ದಿನದೊಳಗೆ ಬೇರೆ ಖಾತೆಗೆ ಹಾಕಿ 3 ವರ್ಷದೊಳಗೆ ಖರ್ಚು ಮಾಡೋಕೆ ಕಾನೂನೇ ಬಿಡುತ್ತೆ. ಆ 5% ಮಿತಿ ಇರೋದು ಕಂಪನಿ ತನ್ನ ಸಿಎಸ್‌ಆರ್ ಆಡಳಿತಕ್ಕೆ ಮಾಡೋ ಖರ್ಚಿಗೆ, ಪ್ರಾಜೆಕ್ಟ್ ನಡೆಸೋ ನೇರ ಖರ್ಚಿಗಲ್ಲ. ನಮ್ಮ ಬಜೆಟ್ ಶೀಟಲ್ಲಿ ಟೀಚರ್ ಸಂಬಳ, ಜೀಪಿನ ಡೀಸೆಲ್, ಸೋಲಾರ್ ದೀಪ ಎಲ್ಲ 'ಅಡ್ಮಿನ್' ಅಂತ ಒಂದೇ ಸಾಲಲ್ಲಿತ್ತು, ಬಿಡಿಸಿ ಒಂದೊಂದನ್ನೂ ಯಾವ ಸೆಂಟರಿಗೆ ಅಂತ ಬರ್ದು ಕಳಿಸ್ದೆ. ಒಪ್ಪಿದ್ರು, ಜೂನಲ್ಲಿ ಶಾಲೆ ಜೊತೇಲೇ ಶುರು ಮಾಡಿದ್ವಿ.

ಗವರ್ನೆನ್ಸ್ ಪೇಪರಿಗೆ ನಮ್ಮ ಟ್ರಸ್ಟ್ ಡೀಡನ್ನೇ (ಟ್ರಸ್ಟ್ ಹೇಗೆ ನಡೀಬೇಕು ಅನ್ನೋ ಪತ್ರ) ಪ್ರಾಜೆಕ್ಟ್ ಮಾಡ್ಕೊಂಡೆ. ಟ್ರಸ್ಟಿಗಳೆಲ್ಲ ಒಳ್ಳೇರು, ಆದ್ರೆ ಒಬ್ರೂ ಲೈನ್ ಮನೆಯೋರಲ್ಲ. ಡೀಡಲ್ಲಿ ಸಲಹಾ ಸಮಿತಿ ಮಾಡೋಕೆ ಅವಕಾಶ ಇತ್ತು, ಅಲ್ಲಿಗೆ ತಾಯಂದಿರನ್ನ ಕೂರಿಸಿದ್ವಿ. ಮೊದಲ ಮೀಟಿಂಗಲ್ಲೇ ಒಬ್ಬ ಅಮ್ಮ ಕೇಳಿದ್ರು, "ಅಕ್ಕ, ಕಾಫಿ ತೂಕ ಮಾಡ್ಸಿ, ತೋಟದ ಲೆಕ್ಕ ನೋಡೋ ರೈಟರ್ ಅದನ್ನ ಬುಕ್ಕಲ್ಲಿ ಬರ್ಕೊಂಡು, ನಾವು ಮನೆ ಸೇರೋವಾಗ ಕತ್ತಲೆ. ನೀವು ಐದೂವರೆಗೇ ಬಾಗಿಲು ಹಾಕಿದ್ರೆ ಚಿಕ್ಕೋರನ್ನ ಯಾರು ನೋಡ್ಕೊತಾರೆ, ಆನೆ ಬೇರೆ ಓಡಾಡ್ತಿರುತ್ತೆ?" ಕುಯ್ಲು ಮುಗಿಯೋವರೆಗೂ ಈಗ ಏಳೂವರೆವರೆಗೆ ತೆಗ್ದಿರ್ತೀವಿ, ಆ ಹೆಚ್ಚಿನ ಹೊತ್ತಿನ ಸಂಬಳಾನೂ ಬಜೆಟ್‌ನಲ್ಲಿದೆ.

ಸೇರೋರು ಫೀಸ್ ಕಟ್ಟೋ ಮುಂಚೆ ಸಿಲಬಸ್ ತರ್ಸಿ ನೋಡಿ. ಎನ್‌ಜಿಓ ಲೆಕ್ಕಪತ್ರ, ಸಿಎಸ್‌ಆರ್, ಟ್ರಸ್ಟಿಗೂ ದಾನಿಗಳಿಗೂ ಸಿಗೋ ತೆರಿಗೆ ವಿನಾಯ್ತಿ (12ಎ, 80ಜಿ ಅಂತಾರಲ್ಲ, ಅದು), ವಿದೇಶಿ ದೇಣಿಗೆಯ ಕಾನೂನು ಎಫ್‌ಸಿಆರ್‌ಎ ಇದೆಯಾ, ಸ್ವಂತ ಸಂಸ್ಥೆ ಮೇಲೇ ಪ್ರಾಜೆಕ್ಟ್ ಮಾಡೋಕೆ ಬಿಡ್ತಾರಾ ಅಂತ ಕೇಳಿ. ಬಿಡಲ್ಲ ಅಂದ್ರೆ ಬೇರೆ ಕೋರ್ಸ್ ಹುಡ್ಕಿ.