ಮಣ್ಣಿನ ಕಾರ್ಡು: ಮೊದಲು ಓದಬೇಕಾದ ಮೂರು ಸಾಲು

ಭತ್ತ ಹಳದಿ ತಿರುಗಿತು ಅಂದರೆ ಸಿಂಧನೂರು, ಗಂಗಾವತಿ ಕಡೆ ಮೊದಲ ಓಟ ಗೊಬ್ಬರದ ಅಂಗಡಿಗೆ. ಗದ್ದೆಗೆ ಇನ್ನೊಂದು ಚೀಲ ಯೂರಿಯಾ ಬೀಳುತ್ತದೆ. ಮಣ್ಣು ಪರೀಕ್ಷೆಯ ಫಲಿತಾಂಶ ಬರೆದು ಸರ್ಕಾರ ಕೊಡುವ ಮಣ್ಣಿನ ಕಾರ್ಡು ಮಾತ್ರ ಪಾಸ್‌ಬುಕ್ ಜೊತೆ ಟ್ರಂಕಿನಲ್ಲಿ ಮಲಗಿರುತ್ತದೆ. ಮಣ್ಣಿನ ಬಗ್ಗೆ ಏನು ಓದಬೇಕು ಎಂದು ಕೇಳುವವರಿಗೆ ನಾನು ಪುಸ್ತಕದ ಹೆಸರು ಹೇಳುವುದಿಲ್ಲ, ಆ ಕಾರ್ಡು ತೆಗೆಯಿರಿ ಎನ್ನುತ್ತೇನೆ.

ಆದರೆ ಒಂದು ಮಾತು. 2015ರಲ್ಲಿ ಈ ಕಾರ್ಡಿನ ಯೋಜನೆ ಶುರುವಾದಾಗ ನೀರಾವರಿ ಭೂಮಿಯಲ್ಲಿ 2.5 ಹೆಕ್ಟೇರಿಗೆ ಒಂದು ಮಾದರಿ ಎಂದಿತ್ತು. ಅಂದರೆ ಆರು ಎಕರೆಗೆ ಒಂದು. ನಿಮ್ಮ ಕಾರ್ಡಿನಲ್ಲಿರುವುದು ಪಕ್ಕದವರ ಹೊಲದ ಮಣ್ಣೂ ಆಗಿರಬಹುದು! ಅದಕ್ಕೇ ನಮ್ಮ ಮಣ್ಣು ನಾವೇ ತೆಗೆದು ಪರೀಕ್ಷೆಗೆ ಕೊಡುವುದು ವಾಸಿ.

ಕಟಾವಾದ ಮೇಲೆ, ಗೊಬ್ಬರ ಹಾಕುವ ಮೊದಲು ತೆಗೆಯಿರಿ. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಎಂಟು-ಹತ್ತು ಕಡೆ ಗುರುತು ಮಾಡಿಕೊಳ್ಳಿ. ಬದು, ಕಾಲುವೆ ಪಕ್ಕ, ಮರದ ಬುಡ, ತಿಪ್ಪೆ ಹಾಕಿದ್ದ ಜಾಗ ಬೇಡ. ಸಲಿಕೆಯಿಂದ 15 ಸೆಂ.ಮೀ. ಆಳಕ್ಕೆ ಇಳಿಜಾರು ಗುಂಡಿ ತೋಡಿ, ಅದರ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪಕ್ಕೆ ಕೆರೆದು ಪ್ಲಾಸ್ಟಿಕ್ ಬಕೆಟ್‌ಗೆ ಹಾಕಿ. ತಗಡಿನ ಬಕೆಟ್ ಆದರೆ ಅದರ ಸತು ಮಣ್ಣಿಗೆ ಸೇರುತ್ತದೆ. ಯೂರಿಯಾ ಚೀಲವಂತೂ ಬೇಡವೇ ಬೇಡ. ಎಲ್ಲ ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ತೆಗೆದುಹಾಕಿ. ಅರ್ಧ ಕೆ.ಜಿ. ಉಳಿಯುವವರೆಗೂ ಹೀಗೇ ಮಾಡಿ, ನೆರಳಲ್ಲಿ ಒಣಗಿಸಿ. ಎರೆ (ಕಪ್ಪು ಮಣ್ಣು), ಮಸಾರಿ (ಕೆಂಪು ಮಣ್ಣು) ಎರಡೂ ಇದ್ದರೆ ಬೇರೆ ಬೇರೆ ಚೀಲ. ಉಪ್ಪು ಇಲ್ಲವೇ ಕ್ಷಾರ ಹೆಚ್ಚಿ ಬೆಳೆ ಏಳದ ಸವಳು ತುಂಡಿಗೂ ಬೇರೆಯದೇ.

ಕಾರ್ಡಿನಲ್ಲಿ 12 ಅಂಶಗಳಿರುತ್ತವೆ. ಮೊದಲು ರಸಸಾರ, ಅಂದರೆ ಪಿಎಚ್ ನೋಡಿ. 6.5ರಿಂದ 7.5 ಇದ್ದರೆ ಒಳ್ಳೆಯದು. 8.5 ದಾಟಿದ್ದರೆ ಕ್ಷಾರ. ಅಂಥ ಮಣ್ಣಿನಲ್ಲಿ ನೀರು ಇಂಗುವುದಿಲ್ಲ, ಹಾಕಿದ ಸತು ಬೇರಿಗೆ ಸಿಗುವುದಿಲ್ಲ. ಎರಡನೆಯದು ಲವಣಾಂಶ, ಕಾರ್ಡಿನಲ್ಲಿ ಇ.ಸಿ. ಎಂದಿರುತ್ತದೆ. ಅದು ಒಂದರೊಳಗಿದ್ದರೆ ಚಿಂತೆಯಿಲ್ಲ.

ಇವೆರಡನ್ನೂ ಜೊತೆಗಿಟ್ಟೇ ಓದಬೇಕು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಜನ ಸುಮ್ನೆ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಸವಳು ಅಂದ ತಕ್ಷಣ ಜಿಪ್ಸಂ ಹಾಕಿಬಿಡುತ್ತಾರೆ. ಜಿಪ್ಸಂ ಬೇಕಾದದ್ದು ಕ್ಷಾರ ಮಣ್ಣಿಗೆ. ರಸಸಾರ ಅಷ್ಟೇನಿಲ್ಲ, ಉಪ್ಪು ಜಾಸ್ತಿ, ನೀರು ಆರಿದ ಮೇಲೆ ಬಿಳಿ ಪುಡಿ ಏಳುತ್ತದೆ ಅಂದರೆ ಮದ್ದು ಬಸಿಗಾಲುವೆ. ಒಳ್ಳೆ ನೀರು ಕಟ್ಟಿ, ಉಪ್ಪನ್ನು ಕರಗಿಸಿ, ಹೊರಗೆ ಬಿಡಬೇಕು. ಬಸಿದು ಹೋಗಲು ದಾರಿಯಿಲ್ಲದಿದ್ದರೆ ಜಿಪ್ಸಂ ಹಾಕಿದರೂ ಅಷ್ಟೆ, ಬಿಟ್ಟರೂ ಅಷ್ಟೆ. ಸವಳು ಮತ್ತು ಜವಳು (ನೀರು ನಿಂತು ಕೆಟ್ಟ) ಮಣ್ಣಿನ ಕೆಲಸಕ್ಕೆಂದೇ ಗಂಗಾವತಿಯಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಎಕರೆಗೆ ಎಷ್ಟು ಜಿಪ್ಸಂ ಹಾಕಬೇಕು ಎನ್ನುವುದನ್ನು ಅಂಗಡಿಯಲ್ಲಲ್ಲ, ಕಾರ್ಡು ಹಿಡಿದು ಅಲ್ಲಿ ಕೇಳಿ.

ಮೂರನೆಯದು ಸಾವಯವ ಇಂಗಾಲ. ಶೇ 0.5ಕ್ಕಿಂತ ಕಡಿಮೆಯಿದ್ದರೆ ಮಣ್ಣು ಬಡವಾಗಿದೆ. ಮಷಿನ್ ಕೊಯ್ಲಾದ ಮೇಲೆ ಹುಲ್ಲಿಗೆ ಬೆಂಕಿ ಇಡುತ್ತೇವಲ್ಲ, ಅದರ ಲೆಕ್ಕ ಇಲ್ಲಿ ಸಿಗುತ್ತದೆ. ಮುಂಗಾರು ಹನಿದಾಗ ಹಸಿರೆಲೆ ಗೊಬ್ಬರದ ಬೆಳೆ ಡಯಂಚಾ ಬಿತ್ತಿ, 45 ದಿನಕ್ಕೆ, ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ. ಡಯಂಚಾ ಸವಳನ್ನೂ ತಡೆದುಕೊಂಡು ಬೆಳೆಯುತ್ತದೆ.

ಉಳಿದ ಸಾಲುಗಳಲ್ಲಿ ಸತು ಕಡಿಮೆ ಎಂದಿದ್ದರೆ ಜಿಂಕ್ ಸಲ್ಫೇಟ್ ಹಾಕಿ, ಆದರೆ ರಂಜಕದ ಗೊಬ್ಬರವಾದ ಡಿಎಪಿ ಜೊತೆ ಬೆರೆಸಬೇಡಿ. ಮುಂದಿನ ಸಲ ಅದೇ ಗುರುತುಗಳಲ್ಲೇ ಮಣ್ಣು ತೆಗೆಯಿರಿ. ಹಳೇ ಕಾರ್ಡನ್ನು ಜೋಪಾನವಾಗಿಡಿ, ಪಕ್ಕದಲ್ಲಿಟ್ಟು ನೋಡಲು ಬೇಕಾಗುತ್ತದೆ.